ಮುಳ್ಳುಬೇಲಿಯ ಗುಂಪುಜೇಡ

ಕೇಳುಗರಿಗೆ ನಮಸ್ಕಾರ. ಬಯಲುಸೀಮೆಯ ಜಾಲಿಗಿಡದಲ್ಲೋ ಹೊಲದ ಮುಳ್ಳುಬೇಲಿಯಲ್ಲೋ ಕೊಳಕು ಬಟ್ಟೆಯ ಮುದ್ದೆಯಂಥದ್ದೊಂದು ಸಿಕ್ಕಿಕೊಂಡಿರುವುದನ್ನು ನೀವು ನೋಡಿರಬಹುದು. ಅದು ಜೇಡಗಳ ಗೂಡು. ಒಂದೇ ಗೂಡಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳಿರುತ್ತವೆ. ಇವುಗಳ ಶಾಸ್ತ್ರೀಯ ಹೆಸರು ಸ್ಟೆಗೊಡೈಫಸ್ ಸರಸಿನೋರಮ್. ಹೆಣ್ಣು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ಗಂಡು ಇನ್ನೂ ಚಿಕ್ಕದು. 1892ರಲ್ಲಿ ಜರ್ಮನಿಯ ಕಾರ್ಶ್ ಇದನ್ನು ಮೊದಲು ವರ್ಣಿಸಿದರು. ಭಾರತ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್‌ಗಳಲ್ಲಿ ಇದರ ನೆಲೆಯಿದೆ. ಈ ಕುಲದಲ್ಲಿ ಬಾಳೆಲ್ಲ ಗುಂಪಿನಲ್ಲೇ ಕಳೆಯುವವು ಮೂರೇ ಪ್ರಭೇದ. ಉಳಿದೆರಡು ಆಫ್ರಿಕಾ ಕಡೆಯವು.

ಇದು ಕುರುಚಲು ಕಾಡನ್ನೇ ಯಾಕೆ ಹಿಡಿದುಕೊಂಡಿದೆ? ಉತ್ತರದ ಬಹುಭಾಗ ನೂಲಿನಲ್ಲೇ ಇದೆ ಅನ್ನಬೇಕು. ತೋಟದಲ್ಲಿ ಚಕ್ರದಂತೆ ಬಲೆ ಕಟ್ಟುವ ಬಹುತೇಕ ಜೇಡಗಳ ನೂಲಿಗೆ ಅಂಟಿನ ಹನಿಗಳಿರುತ್ತವೆ. ಇದರ ನೂಲಿಗೆ ಅಂಟೇ ಇಲ್ಲ. ಹಿಂಗಾಲಿನ ಬಿರುಗೂದಲ ಸಾಲಿನಿಂದ ಅತಿಸೂಕ್ಷ್ಮ ಎಳೆಗಳನ್ನು ಬಾಚಿ ಬಾಚಿ ಉಣ್ಣೆಯಂತೆ ಉಬ್ಬಿಸುತ್ತದೆ. ಕೀಟದ ಕಾಲು, ರೋಮ ಅದರಲ್ಲಿ ತೊಡರಿಕೊಳ್ಳುತ್ತವೆ. ಹೊಸ ನೂಲಿಗೆ ತುಸು ನೀಲಿಛಾಯೆ. ನೆನೆದರೆ ಆ ಉಬ್ಬು ಕುಸಿದು ಹಿಡಿತ ಹೋಗುತ್ತದೆ, ಧೂಳು ಕೂತರೂ ಅಷ್ಟೇ. ಹಾಗಾಗಿ ಸಂಜೆಯಾದ ಮೇಲೆ ಜೇಡಗಳು ಹೊರಬಂದು ಮತ್ತೆ ನೇಯುತ್ತವೆ. ಜೊತೆಗೆ ಗಾಳಿಗೆ ಬಾಗದ ಗಟ್ಟಿ ಕಡ್ಡಿಗಳೂ ಬೇಕು: ಜಾಲಿ, ಎಲಚಿ, ಕಳ್ಳಿ ಅದಕ್ಕೆ ಒಗ್ಗುತ್ತವೆ. ಒಣ ಎಲೆ, ತಿಂದುಳಿದ ಕೀಟಗಳ ಚೂರು ಸೇರಿಸಿ ಹೆಣೆದ ಗೂಡು ನಡುವೆ; ಅದರಿಂದ ಹೊರಕ್ಕೆ ಹಾಳೆಯಂತೆ ಹರಡಿದ ಬೇಟೆಬಲೆ.

ಆದರೆ ಒಗ್ಗುವ ಬೇಲಿಯಲ್ಲೆಲ್ಲ ಇದು ಸಿಗುವುದಿಲ್ಲ. ಹೆಣ್ಣುಗಳು ಬಹುಪಾಲು ಹುಟ್ಟಿದ ಗೂಡಲ್ಲೇ ಉಳಿಯುತ್ತವೆ; ಗಂಡು ಕಡಿಮೆ, ಕೂಡುವುದೂ ಒಡಹುಟ್ಟಿದವುಗಳೊಡನೆಯೇ. ಹೊಸ ಗೂಡು ಹೆಚ್ಚಾಗಿ ಪಕ್ಕದ ಗಿಡದಲ್ಲೇ ಏಳುತ್ತದೆ. ಅದಕ್ಕೇ ಒಂದು ಬೇಲಿಯಲ್ಲಿ ಐದಾರು ಗೂಡು, ಆಚೆ ಬೇಲಿ ಖಾಲಿ. ಇಡೀ ಗುಂಪು ಒಮ್ಮೆಲೇ ಸತ್ತುಹೋಗುವುದೂ ಉಂಟು.

ಗುರುತಿಸುವಾಗ ಎರಡು ಕಡೆ ಎಡವುತ್ತೇವೆ. ಡೇರೆಜೇಡವೂ ಒತ್ತೊತ್ತಾಗಿ ಬಲೆ ಕಟ್ಟುತ್ತದೆ. ಆದರೆ ಅದರ ಬಲೆ ಸಣ್ಣ ಕಣ್ಣಿನ ಡೇರೆ, ಬೆರಳಿಗೆ ತೊಡರುವುದಿಲ್ಲ. ಇನ್ನೊಂದು, ಪಾಳುಗೂಡನ್ನು ಲೆಕ್ಕಕ್ಕೆ ಸೇರಿಸಿಬಿಡುವುದು. ಮುಸ್ಸಂಜೆ ಹೋಗಿ ಹುಲ್ಲುಕಡ್ಡಿಯ ತುದಿಯಿಂದ ಬಲೆಯನ್ನು ಮೆಲ್ಲಗೆ ನಡುಗಿಸಿ. ಜೇಡ ಹೊರಬಂದರೆ ಗೂಡಿನಲ್ಲಿ ಜೀವವಿದೆ. ಬರದಿದ್ದರೆ ನೂಲು ನೋಡಿ: ಹರಿದು, ಧೂಳು ಹಿಡಿದು, ಎಲ್ಲೂ ಹೊಸ ಎಳೆ ಕಾಣದಿದ್ದರೆ ಪಾಳು ಎಂದೇ ಬರೆದುಕೊಳ್ಳಿ. ಗಿಡದ ಜಾತಿ, ನೆಲದಿಂದ ಎತ್ತರ, ತಾರೀಖು ಇಷ್ಟು ಸಾಕು. ಗೂಡನ್ನು ಮಾತ್ರ ಕತ್ತರಿಸಿ ತರಬೇಡಿ. ಆ ಬೇಲಿಯಲ್ಲಿರುವುದು ಅದೊಂದೇ ಗುಂಪು ಆಗಿರಬಹುದು.