ಮುದ್ದೆಯ ಮೇಲಿನ ಗುಳಿ

ಕೇಳುಗರಿಗೆ ನಮಸ್ಕಾರ.

ಸಂಜೆ ನಾಲ್ಕೂವರೆ ಅಂದರೆ ನಮ್ಮ ಮೈಸೂರಿನಲ್ಲಿ ಕಾಫಿ ಹೊತ್ತು. ತಾಂಜಾನಿಯಾದಲ್ಲಿ ಆಗ ಮಧ್ಯಾಹ್ನ ಎರಡು, ಉಂಡು ಕಣ್ಣು ಎಳೆಯುವ ಸಮಯ. ನನ್ನ ವೀಡಿಯೊ ಪಾಠ ಶುರುವಾಗುವುದು ಆಗಲೇ. ಇಲ್ಲಿ ನಾನೊಬ್ಬ ನಿವೃತ್ತ ಡಾಕ್ಟರ್. ಅಲ್ಲಿ ವಾರ್ಡಿನಲ್ಲಿ ನಿಂತ ಏಳೆಂಟು ವಿದ್ಯಾರ್ಥಿಗಳು.

ದೂರದಿಂದ ರೋಗಿಯನ್ನು ನೋಡುವುದು ನಮ್ಮ ಕಡೆಗೆ ಹೊಸದಲ್ಲ. 2002ರಲ್ಲೇ ಇಸ್ರೋ ಸರಗೂರಿನ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. 2009ರಲ್ಲಿ ಭಾರತ ಆಫ್ರಿಕಾದ ದೇಶಗಳಿಗೂ ಇಂಥದ್ದೊಂದು ಜಾಲ ಶುರು ಮಾಡಿತು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಹತ್ತಿ ಇಳಿಯಲು ಕಾಲು ಸೆಕೆಂಡ್, ಉತ್ತರ ವಾಪಸ್ ಬರಲು ಇನ್ನೊಂದು ಕಾಲು. ಅಷ್ಟು ಸಾಕು, ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುವುದಕ್ಕೆ!

ಈಗ ಇಂಟರ್ನೆಟ್ಟಿನಲ್ಲಿ ಆ ಕಾಟ ಕಡಿಮೆ. ಆದರೆ ಪರದೆ ಸುಳ್ಳು ಹೇಳುವುದನ್ನು ಬಿಟ್ಟಿಲ್ಲ. ಒಮ್ಮೆ ಒಬ್ಬ ರೋಗಿಯ ಕಣ್ಣು ತೋರಿಸಿ 'ಕಾಮಾಲೆ' ಅಂದರು. ನೋಡಿದರೆ ಹಳದಿಯೇ. ಆದರೆ ಗೋಡೆಯೂ ಹಳದಿ, ದಿಂಬೂ ಹಳದಿ! ಮೇಲೆ ಬಲ್ಬು ಉರಿಯುತ್ತಿತ್ತು. ಕಿಟಕಿ ಹತ್ತಿರ ಕೂರಿಸಿ ಅಂದೆ. ಹಗಲು ಬೆಳಕಿನಲ್ಲಿ ಕಣ್ಣು ಬೆಳ್ಳಗಿತ್ತು. ಕಾಮಾಲೆಯನ್ನು ಹಗಲು ಬೆಳಕಿನಲ್ಲೇ ನೋಡಬೇಕು ಅಂತ ನಾನು ಹತ್ತು ಸಲ ಹೇಳಿದ್ದೆ. ಅವರಿಗೆ ಅದು ನಾಟಿದ್ದು ಅವತ್ತೇ.

ಕಣ್ಣಿನದು ಹೀಗಾಯಿತು. ಮುಟ್ಟಿ ನೋಡುವುದನ್ನು ಹೇಗೆ ಕಲಿಸುವುದು? ಕಾಲು ಊದಿಕೊಂಡ ಅಜ್ಜಿಯೊಬ್ಬರಿದ್ದರು. ಅವರ ಒಪ್ಪಿಗೆ ಕೇಳಿಯೇ ಕ್ಯಾಮೆರಾ ತಿರುಗಿಸಿದರು. ಹೆಬ್ಬೆರಳನ್ನು ಕಣಕಾಲಿನ ಮೂಳೆಯ ಮೇಲೆ ಒತ್ತಿ ಹಿಡಿಯಬೇಕು, ನೀರು ತುಂಬಿದ್ದರೆ ಗುಳಿ ಬೀಳುತ್ತದೆ. ಎಷ್ಟು ಒತ್ತಬೇಕು ಅಂತ ಒಬ್ಬ ಹುಡುಗಿ ಕೇಳಿದಳು. ನಾನು ಮಂಡ್ಯದವನು, ಬಾಯಿಗೆ ಬಂದದ್ದು ಮುದ್ದೆ. ಬಿಸಿ ಮುದ್ದೆಗೆ ತುಪ್ಪ ಹಾಕೋಕೆ ಗುಳಿ ಮಾಡ್ತೀವಲ್ಲ, ಅಷ್ಟೇ! ಪಾಠ ಇಂಗ್ಲಿಷಿನಲ್ಲಿ, ಮುದ್ದೆಗೆ ಇಂಗ್ಲಿಷ್ ಎಲ್ಲಿಂದ ತರಲಿ? ಅಂಗೈಯಲ್ಲಿ ಉಂಡೆ ಕಟ್ಟಿದ ಹಾಗೆ ಮಾಡಿ, ಹೆಬ್ಬೆರಳು ಒತ್ತಿ ತೋರಿಸಿದೆ.

"ಉಗಾಲಿ!" ಅಂತ ಅವಳು ಕೂಗಿದಳು. ಎಲ್ಲರೂ ನಕ್ಕರು, ಅಜ್ಜಿಯೂ ಸೇರಿ. ಉಗಾಲಿ ಅಂದರೆ ಅವರ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಅದನ್ನೂ ಅವರು ಹೆಬ್ಬೆರಳಲ್ಲಿ ಗುಳಿ ಮಾಡಿ, ಪಲ್ಯ ಎತ್ತಿಕೊಂಡು ತಿನ್ನುತ್ತಾರಂತೆ.

ಹುಡುಗಿ ಮತ್ತೆ ಬಗ್ಗಿ ಮೆಲ್ಲಗೆ ಒತ್ತಿದಳು, ಮನಸ್ಸಿನಲ್ಲೇ ಎಣಿಸಿದಳು, ಬೆರಳು ತೆಗೆದು ಫೋನನ್ನು ಹತ್ತಿರ ತಂದಳು. ಗುಳಿ ಹಾಗೇ ಇತ್ತು.

ನಮಸ್ಕಾರ.