ಮ್ಯಾಥ್ಸ್ ಬೇಡ ಅನ್ನುವವರಿಗೆ ಕಂಪ್ಯೂಟರ್ ಸೈನ್ಸ್ ಆಗುತ್ತದೆಯೇ?

ಕೇಳುಗರಿಗೆಲ್ಲ ನಮಸ್ಕಾರ.

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವ ಕೆಲಸ, ಶುರುವಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು. "ಕಂಪ್ಯೂಟರ್ ಸೈನ್ಸ್ ಸಿಗುವ ಹಾಗಿದೆ. ಆದರೆ ನಮ್ಮ ಹುಡುಗಿಗೆ ಮ್ಯಾಥ್ಸ್ ಅಂದ್ರೆ ಆಗಲ್ಲ. ಏನು ಮಾಡೋದು?" ಆಗ ಯಾರಾದರೂ ಒಬ್ಬರು ಧೈರ್ಯ ಹೇಳುತ್ತಾರೆ. "ಕೋಡಿಂಗ್‌ಗೆ ಮ್ಯಾಥ್ಸ್ ಎಲ್ಲಿ ಬೇಕು? ಸುಮ್ನೆ ಸೇರಿಸಿ."

ಈ ಮಾತನ್ನು ನಂಬಿ ಸೇರಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಕಂಗಾಲಾಗುವುದನ್ನು ಪಾಠ ಮಾಡುವ ನಾವು ನೋಡುತ್ತೇವೆ. ಆಪ್ ತಯಾರಿಸುವ, ವೆಬ್‌ಸೈಟ್ ಕಟ್ಟುವ, ಟೆಸ್ಟಿಂಗ್ ಮಾಡುವ ಎಷ್ಟೋ ಕೆಲಸಗಳಲ್ಲಿ ದಿನವೂ ಗಣಿತ ಬೇಕಾಗುವುದಿಲ್ಲ, ಅದು ನಿಜ. ಆದರೆ ಕೆಲಸ ಬೇರೆ, ಡಿಗ್ರಿ ಬೇರೆ. ನಮ್ಮ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಮೊದಲ ಎರಡು ಸೆಮಿಸ್ಟರಿನಲ್ಲೂ ಗಣಿತದ ಪೇಪರ್ ಇದೆ. ಕ್ಯಾಲ್ಕುಲಸ್ ಬರುತ್ತದೆ, ಮ್ಯಾಟ್ರಿಕ್ಸ್ ಬರುತ್ತದೆ. ಎರಡನೇ ವರ್ಷ ಪ್ರಾಬಬಿಲಿಟಿ ಬರುತ್ತದೆ. ಆಮೇಲೆ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವ ವಿಧಾನಗಳ ಅಲ್ಗಾರಿದಮ್, ಕಂಪ್ಯೂಟರಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ಹೇಳುವ ಥಿಯರಿ ಆಫ್ ಕಂಪ್ಯುಟೇಶನ್. ಇವುಗಳ ಹೆಸರಿನಲ್ಲಿ ಗಣಿತ ಅಂತ ಇರುವುದಿಲ್ಲ, ಒಳಗಿರುವುದೆಲ್ಲ ಅದೇ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬರುವವರು ಬಿಟ್ಟುಹೋದ ಗಣಿತವನ್ನು ಆಮೇಲೆ ಓದಿ ಪಾಸಾಗಬೇಕಾಗುತ್ತದೆ.

ಹಾಗಾದರೆ ಮ್ಯಾಥ್ಸ್ ಇಷ್ಟವಿಲ್ಲದವರು ಈ ಕಡೆ ಬರಲೇಬಾರದೇ? ಅದನ್ನು ಹೇಳುವ ಮೊದಲು ನಾನು ಕೇಳುವುದು ಒಂದೇ. ಇಷ್ಟವಿಲ್ಲದಿರುವುದು ಗಣಿತವೋ, ಗಣಿತದ ಪರೀಕ್ಷೆಯೋ?

ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲಿ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ಸೂತ್ರ ನೆನಪಿರಬೇಕು, ಕೈ ಓಡಬೇಕು. ಎರಡು ವರ್ಷ ಹೀಗೇ ಓಡಿಸಿದರೆ ಯಾವ ಮಗುವಿಗೆ ತಾನೇ ಗಣಿತದ ಮೇಲೆ ಪ್ರೀತಿ ಹುಟ್ಟೀತು? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ಬಂದವರ ಕಷ್ಟ ಇನ್ನೂ ಜಾಸ್ತಿ. ಲೆಕ್ಕ ಬರುತ್ತಿರುತ್ತದೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ. ಆ ಮಗು "ನನಗೆ ಮ್ಯಾಥ್ಸ್ ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತದೆ. ಈ ತೀರ್ಮಾನ ಕೇಳಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಂಪ್ಯೂಟರ್ ಸೈನ್ಸಿನ ಜೀವಾಳವಾದ ಗಣಿತ ಈ ಓಟದ ಗಣಿತವಲ್ಲ. ಅದರ ರುಚಿ ಈಗಲೇ ನೋಡಬಹುದು. ಕೈಯಲ್ಲಿ ಪೆನ್ನು, ಹಾಳೆ ಇದ್ದರೆ ತೆಗೆದುಕೊಳ್ಳಿ. ಒಂದು ಚೌಕ ಬರೆಯಿರಿ. ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಎಳೆಯಿರಿ. ಮೇಲೆ ತ್ರಿಕೋನದ ಚಾವಣಿ ಇಡಿ. ಮನೆಯ ಚಿತ್ರ ಆಯಿತು. ಇದೇ ಚಿತ್ರವನ್ನು ಪೆನ್ನು ಎತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಹೋಗದೆ ಬರೆಯಬೇಕು. ಚಿಕ್ಕವರಿದ್ದಾಗ ಶಾಲೆಯಲ್ಲಿ ಆಡಿರುತ್ತೀರಿ, ಅಲ್ವಾ? ಕೆಳಗಿನ ಎರಡು ಮೂಲೆಗಳಲ್ಲಿ ಯಾವುದರಿಂದ ಶುರು ಮಾಡಿದರೂ ಬರೆಯಲು ದಾರಿ ಇದೆ. ಬೇರೆ ಎಲ್ಲಿಂದ ಶುರು ಮಾಡಿದರೂ ಆಗುವುದಿಲ್ಲ. ಈಗ ಚಾವಣಿ ತೆಗೆದುಹಾಕಿ, ಬರೀ ಚೌಕ ಮತ್ತು ಓರೆಗೆರೆ ಇಟ್ಟುಕೊಳ್ಳಿ. ಎಲ್ಲಿಂದ ಶುರು ಮಾಡಿದರೂ ಆಗುವುದಿಲ್ಲ.

ಯಾಕೆ? ಒಂದೊಂದು ಮೂಲೆಗೂ ಎಷ್ಟು ಗೆರೆ ಸೇರುತ್ತದೆ, ಎಣಿಸಿ. ದಾರಿಯ ನಡುವೆ ಸಿಗುವ ಮೂಲೆಗೆ ಒಂದು ಗೆರೆಯಿಂದ ಒಳಗೆ ಬಂದರೆ ಇನ್ನೊಂದರಿಂದ ಹೊರಗೆ ಹೋಗಲೇಬೇಕು. ಹಾಗಾಗಿ ಅಲ್ಲಿ ಗೆರೆಗಳು ಜೋಡಿ ಜೋಡಿಯಾಗಿರಬೇಕು. ಶುರುವಾಗುವ ಮೂಲೆ, ಮುಗಿಯುವ ಮೂಲೆ ಎರಡಕ್ಕೆ ಮಾತ್ರ ವಿನಾಯಿತಿ. ಚಾವಣಿ ಇದ್ದಾಗ ಬೆಸ ಸಂಖ್ಯೆಯ ಗೆರೆಗಳು ಸೇರುವ ಮೂಲೆಗಳು ಎರಡೇ, ಕೆಳಗಿನವು. ಅದಕ್ಕೇ ಅಲ್ಲಿಂದ ಹೊರಟರೆ ಆಗುತ್ತದೆ. ಚಾವಣಿ ತೆಗೆದರೆ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಗೆರೆ. ಇನ್ನು ಎಷ್ಟು ಪ್ರಯತ್ನಪಟ್ಟರೂ ಇಲ್ಲ. ಅದೃಷ್ಟದ ಮಾತಲ್ಲ, ಆಗುವುದೇ ಇಲ್ಲ ಅಂತ ನಮಗೀಗ ಗೊತ್ತು.

1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಒಗಟನ್ನು ಬಿಡಿಸಿದ್ದು ಇದೇ ಯೋಚನೆಯಿಂದ. ಆ ಪಟ್ಟಣ ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಏಳೂ ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಬಹುದೇ ಎನ್ನುವುದು ಪ್ರಶ್ನೆ. ಅಲ್ಲಿಯೂ ನದಿ ಬೇರ್ಪಡಿಸಿದ ನಾಲ್ಕು ನೆಲದ ಭಾಗಗಳು, ನಾಲ್ಕಕ್ಕೂ ಬೆಸ ಸಂಖ್ಯೆಯ ಸೇತುವೆಗಳು. ಆಗುವುದಿಲ್ಲ ಅಂತ ಅವರು ತೋರಿಸಿದರು. ಅಲ್ಲಿಂದ ಹುಟ್ಟಿದ ಗ್ರಾಫ್ ಥಿಯರಿ, ಅಂದರೆ ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳ ಗಣಿತ, ಇವತ್ತು ಕಂಪ್ಯೂಟರ್ ಸೈನ್ಸಿನ ಪ್ರತಿ ವಿದ್ಯಾರ್ಥಿಯೂ ಓದುವ ವಿಷಯ. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹುಡುಕುವ ವಿಧಾನವನ್ನು ಡೈಕ್‌ಸ್ಟ್ರಾ ಎಂಬ ಡಚ್ ಕಂಪ್ಯೂಟರ್ ವಿಜ್ಞಾನಿ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಹಾಳೆ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಯೋಚಿಸಿದರು. ಅಲ್ಲಿ ಕ್ಯಾಲ್ಕುಲಸ್ ಇಲ್ಲ. ಕೂಡುವುದು, ಯಾವುದು ಚಿಕ್ಕದು ಅಂತ ನೋಡುವುದು, ಅಷ್ಟೇ.

ಪಿಯುಸಿಯಲ್ಲಿ ಬೇಡವೆನಿಸಿದ್ದು ಇಲ್ಲಿ ಬೇರೆ ಮುಖ ತೋರಿಸುವುದೂ ಉಂಟು. ಅಕ್ಷರ ಕ್ರಮದಲ್ಲಿರುವ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಬೇಕು ಅಂತಿಟ್ಟುಕೊಳ್ಳಿ. ಮಧ್ಯದ ಹೆಸರು ನೋಡಿ, ಬೇಕಾದ ಅರ್ಧ ಇಟ್ಟುಕೊಂಡು ಉಳಿದ ಅರ್ಧ ಬಿಡಿ. ಹೀಗೇ ಮಾಡುತ್ತಾ ಹೋದರೆ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. ಯಾಕೆಂದರೆ ಇಪ್ಪತ್ತು ಎರಡುಗಳನ್ನು ಗುಣಿಸಿದರೆ 10,48,576. ಈ 20 ಎಂಬುದೇ ಲಾಗರಿದಮ್. ಲಾಗ್ ಅಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಇದನ್ನು ತಾವೇ ಪ್ರೋಗ್ರಾಮ್ ಬರೆದು ಓಡಿಸಿ ನೋಡಿದಾಗ ಅವರ ಮುಖ ಅರಳುತ್ತದೆ. ಪಾಠ ಮಾಡುವವರಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಆದರೆ ಎಲ್ಲರಿಗೂ ಹಾಗಾಗುವುದಿಲ್ಲ, ಅದನ್ನೂ ಹೇಳಬೇಕು. ಮನೆಯ ಚಿತ್ರದಲ್ಲಿ "ಯಾಕೆ" ಅಂತ ಕೇಳಿದೆನಲ್ಲ, ಅಲ್ಲಿ ಕೆಲವರಿಗೆ ಕುತೂಹಲ ಹುಟ್ಟುತ್ತದೆ. ಕೆಲವರಿಗೆ ಬೇಸರ ಬರುತ್ತದೆ, ಉತ್ತರ ಹೇಳಿಬಿಡಿ ಸಾಕು ಅನಿಸುತ್ತದೆ. ಇಂಥ ಒಗಟುಗಳ ಜೊತೆ ಯಾವಾಗ ಕೂತರೂ ಬೇಸರವೇ ಬರುತ್ತದೆ ಅನ್ನುವವರಿಗೆ ನಾಲ್ಕು ವರ್ಷ ತುಂಬ ಉದ್ದ. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿಯೂ ಇದೇ ಕೆಲಸ. ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಗಂಟೆಗಟ್ಟಲೆ ಕೂರಬೇಕು. ಕೃತಕ ಬುದ್ಧಿಮತ್ತೆಯ ಕಡೆ ಹೋಗುವ ಆಸೆ ಇದ್ದರಂತೂ ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಕ್ಯಾಲ್ಕುಲಸ್ ಮೂರೂ ಬೇಕೇ ಬೇಕು.

ಇನ್ನೊಂದು ಮಾತು. ಮ್ಯಾಥ್ಸ್ ತಪ್ಪಿಸಿಕೊಳ್ಳಲು ಕಂಪ್ಯೂಟರ್ ಸೈನ್ಸ್ ಬಿಟ್ಟು ಎಲೆಕ್ಟ್ರಾನಿಕ್ಸ್‌ಗೆ ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋರಿಯರ್, ಲಾಪ್ಲಾಸ್ ಹೆಸರಿನ ಗಣಿತವೆಲ್ಲ ಅಲ್ಲಿ ಇನ್ನೂ ಜಾಸ್ತಿ. ಬಿಸಿಎ ಒಳ್ಳೆಯ ದಾರಿಯೇ. ಕಾಮರ್ಸ್ ಓದಿದವರಿಗೂ ಅನೇಕ ಕಡೆ ಅವಕಾಶವಿದೆ, ಗಣಿತದ ಭಾರವೂ ಕಡಿಮೆ. ಆದರೆ ಭಾರ ಕಡಿಮೆ ಅಷ್ಟೇ, ಪೂರ್ತಿ ಇಲ್ಲ ಅಂತಲ್ಲ. ಗಣ ಅಂದರೆ ಸೆಟ್, ತರ್ಕ, ಸ್ಟಾಟಿಸ್ಟಿಕ್ಸ್ ಅಲ್ಲೂ ಸಿಗುತ್ತವೆ.

ಅದಕ್ಕೇ ಮಕ್ಕಳಿಗೆ ನನ್ನ ಕೋರಿಕೆ ಇಷ್ಟು. ಕೌನ್ಸೆಲಿಂಗ್‌ಗೆ ಮೊದಲು ಸಿಗುವ ಬಿಡುವಿನಲ್ಲಿ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್, ಅಂದರೆ ಗಣ, ತರ್ಕ, ಗ್ರಾಫ್ ಇವುಗಳ ಗಣಿತದ ನಾಲ್ಕಾರು ಪಾಠ ಕೇಳಿ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಜೊತೆಗೆ ಪೈಥಾನ್‌ನಲ್ಲಿ ಚಿಕ್ಕ ಚಿಕ್ಕ ಪ್ರೋಗ್ರಾಮ್ ಬರೆಯಿರಿ. ಅಂಕದ ಚಿಂತೆ ಬೇಡ, ಗಡಿಯಾರ ನೋಡಬೇಡಿ. ಸಿಕ್ಕಿಹಾಕಿಕೊಂಡಾಗ ಬಿಟ್ಟು ಏಳಬೇಕು ಅನಿಸುತ್ತದೆಯೋ, ಇನ್ನೊಂದು ಸಲ ನೋಡೋಣ ಅನಿಸುತ್ತದೆಯೋ, ಅದನ್ನು ಗಮನಿಸಿ. ಇನ್ನೊಂದು ಸಲ ನೋಡೋಣ ಅನಿಸಿದರೆ ಪಿಯುಸಿ ಅಂಕ ಕಡಿಮೆ ಬಂದಿದ್ದರೂ ಧೈರ್ಯವಾಗಿ ಸೇರಿ. ಮೊದಲ ವರ್ಷದ ಗಣಿತಕ್ಕೆ ದಿನಕ್ಕೊಂದು ಗಂಟೆ ಇಡಿ. ಬ್ಯಾಕ್‌ಲಾಗ್, ಅಂದರೆ ಪಾಸಾಗದ ಪೇಪರ್ ಬಾಕಿ, ಆಗಲು ಬಿಡಬೇಡಿ.

ತಂದೆತಾಯಿಗಳೇ, ಆಪ್ಷನ್ ಎಂಟ್ರಿಯಲ್ಲಿ ಮೇಲೆ ಬರೆದದ್ದು ಸಿಕ್ಕಿತೆಂದರೆ ಕೆಳಗಿನದನ್ನು ನೋಡುವುದೇ ಇಲ್ಲ. ಆ ಪಟ್ಟಿಯ ಕ್ರಮವನ್ನು ಓದುವ ಮಗುವೇ ಬರೆಯಲಿ. ನೀವು ಪಕ್ಕದಲ್ಲಿ ಕೂತಿರಿ.

ನಮಸ್ಕಾರ.