ಸಾಲ ತೀರಿತೋ, ಜಾಗ ಬದಲಿಸಿತೋ?

ಕೇಳುಗರಿಗೆ ನಮಸ್ಕಾರ.

ಬ್ಯಾಲೆನ್ಸ್ ಶೀಟ್, ಅಂದರೆ ಕಂಪನಿಯ ಆಸ್ತಿ-ಹೊಣೆಗಳ ಪಟ್ಟಿ, ಓದಲು ಕಲಿಯುತ್ತಿದ್ದ ದಿನಗಳಲ್ಲಿ ನಾನೊಮ್ಮೆ ಚೆನ್ನಾಗಿ ಏಮಾರಿದ್ದೆ. ಒಂದು ಕಂಪನಿಯ ದೀರ್ಘಾವಧಿ ಸಾಲ ಹಿಂದಿನ ವರ್ಷ 80 ಕೋಟಿ ಇತ್ತು. ಆ ವರ್ಷ ನೋಡಿದರೆ 20 ಕೋಟಿ. ಒಂದೇ ವರ್ಷಕ್ಕೆ 60 ಕೋಟಿ ತೀರಿಸಿಬಿಟ್ಟಿದ್ದಾರೆ, ಭಲೇ ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಏನೂ ಮಾತಾಡಲಿಲ್ಲ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಇನ್ನೂ ಸ್ವಲ್ಪ ಕೆಳಗೆ ಬೆರಳಿಟ್ಟರು. ದೀರ್ಘಾವಧಿ ಸಾಲದಲ್ಲಿ ಒಂದು ವರ್ಷದೊಳಗೆ ಕೊಡಬೇಕಾದ ಭಾಗ ಅಂತ ಅಲ್ಲೊಂದು ಬಾಬತ್ತು. ಅದರ ಎದುರಿಗೆ 60 ಕೋಟಿ.

ಸಾಲ ತೀರಿರಲಿಲ್ಲ. ಜಾಗ ಬದಲಿಸಿತ್ತು, ಅಷ್ಟೇ.

ಇದರ ನಿಯಮ ಸರಳ. ಬ್ಯಾಲೆನ್ಸ್ ಶೀಟಿನ ತಾರೀಖಿನಿಂದ 12 ತಿಂಗಳೊಳಗೆ ಕೊಡಬೇಕಾದ ಸಾಲ ಚಾಲ್ತಿ ಹೊಣೆಗಳ ಗುಂಪಿಗೆ ಹೋಗುತ್ತದೆ. ಅದರಾಚೆಗಿನದು ದೀರ್ಘಾವಧಿ. ಬ್ಯಾಂಕಿನ ಟರ್ಮ್ ಲೋನ್ ಇರಲಿ, ಹೂಡಿಕೆದಾರರಿಗೆ ಪತ್ರ ಕೊಟ್ಟು ಪಡೆದ ಸಾಲಗಳಾದ ಬಾಂಡ್, ಡಿಬೆಂಚರ್ ಇರಲಿ, ಗಡುವು ಹತ್ತಿರ ಬಂದಂತೆ ಅದು ಈ ಗುಂಪಿನಿಂದ ಆ ಗುಂಪಿಗೆ ಸರಿಯುತ್ತಲೇ ಇರುತ್ತದೆ.

ಕೈಯಲ್ಲಿ ಪೆನ್ನಿದ್ದರೆ ಒಂದು ಲೆಕ್ಕ ಬರೆದುಕೊಳ್ಳಿ. ಎರಡು ಕಂಪನಿಗಳು, ಎರಡಕ್ಕೂ 100 ಕೋಟಿ ಸಾಲ, 5 ವರ್ಷದ ಅವಧಿ. ಮೊದಲನೆಯದು ವರ್ಷಕ್ಕೆ 20 ಕೋಟಿಯಂತೆ ಅಸಲು ಕಟ್ಟುತ್ತದೆ. ಎರಡನೆಯದು ಬರೀ ಬಡ್ಡಿ ಕಟ್ಟಿಕೊಂಡು ಹೋಗಿ, ಅಸಲನ್ನು ಕೊನೆಯಲ್ಲಿ ಒಂದೇ ಸಲಕ್ಕೆ ಕೊಡುತ್ತದೆ. ಸಾಲ ಪಡೆದ ದಿನ ಮೊದಲ ಕಂಪನಿಯಲ್ಲಿ ದೀರ್ಘಾವಧಿ ಸಾಲ 80, ಚಾಲ್ತಿ 20. ವರ್ಷ ಕಳೆದ ಮೇಲೆ 60 ಮತ್ತು 20. ಹೀಗೇ ಇಳಿಯುತ್ತದೆ, ಗಾಬರಿಯಿಲ್ಲ. ಎರಡನೆಯದರಲ್ಲಿ ಮೂರು ವರ್ಷ ಮುಗಿದರೂ ದೀರ್ಘಾವಧಿಯಲ್ಲಿ 100 ಕೋಟಿ ಕದಲದೆ ಕೂತಿರುತ್ತದೆ. ನಾಲ್ಕನೇ ವರ್ಷದ ಕೊನೆಗೆ ಅಷ್ಟೂ ಚಾಲ್ತಿ ಹೊಣೆಗೆ ಬಂದು ಬೀಳುತ್ತದೆ. ಆಗ ಬರೀ ದೀರ್ಘಾವಧಿ ಸಾಲದ ಅಂಕಿ ನೋಡಿದವರಿಗೆ ಸೊನ್ನೆ ಕಾಣುತ್ತದೆ! ಕಂಪನಿಗೆ ಅತಿ ಕಷ್ಟದ ವರ್ಷ ಶುರುವಾಗುವುದೇ ಅವತ್ತು.

ಇನ್ನೊಂದು ವಿಷಯ ಬಹಳ ಜನರ ಕಣ್ತಪ್ಪುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ಬಡ್ಡಿ ಖರ್ಚಾಗಿ ಬರುತ್ತದೆ, ಅಸಲು ಬರುವುದಿಲ್ಲ. ಸಾಲ ತಂದಾಗ ಅದು ಆದಾಯ ಆಗಿರಲಿಲ್ಲ, ಹಾಗಾಗಿ ತೀರಿಸಿದಾಗ ಖರ್ಚೂ ಅಲ್ಲ. ಸರಿ. ಆದರೆ ದುಡ್ಡಂತೂ ಹೋಗಬೇಕಲ್ವಾ? ಬಡ್ಡಿ, ತೆರಿಗೆ ಎಲ್ಲ ಕಳೆದು 15 ಕೋಟಿ ಲಾಭ ಅಂತಿಟ್ಟುಕೊಳ್ಳಿ. ಅದರಲ್ಲಿ ಸವಕಳಿ, ಅಂದರೆ ಯಂತ್ರ-ಕಟ್ಟಡ ಸವೆದದ್ದರ ಲೆಕ್ಕ, ಅಂತ 3 ಕೋಟಿ ಕಳೆದಿದ್ದಾರೆ. ಅದು ಕೈಬಿಟ್ಟು ಹೋದ ದುಡ್ಡಲ್ಲ, ವಾಪಸ್ ಸೇರಿಸೋಣ. 18 ಆಯಿತು. ಕಟ್ಟಬೇಕಾದ ಅಸಲಿನ ಕಂತು 20. ಪಟ್ಟಿಯಲ್ಲಿ ಲಾಭ ಮಾಡಿರುವ ಕಂಪನಿಗೇ 2 ಕೋಟಿ ಕಡಿಮೆ ಬೀಳುತ್ತದೆ. ಕಂತು ನಿಜವಾಗಿ ಕಟ್ಟಿದ್ದು ಕಾಣುವುದು ನಗದು ಹರಿವಿನ ಪಟ್ಟಿಯಲ್ಲಿ, ಅಂದರೆ ದುಡ್ಡು ಬಂದದ್ದು-ಹೋದದ್ದರ ಲೆಕ್ಕದಲ್ಲಿ. ನಾನಂತೂ ಲಾಭಕ್ಕಿಂತ ಮೊದಲು ಅಲ್ಲಿಗೇ ಹೋಗುತ್ತೇನೆ.

ಬಡ್ಡಿಗೆ ಮುಂಚಿನ ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ, ಮಾಲೀಕರ ಬಂಡವಾಳಕ್ಕೆ ಹೋಲಿಸಿದರೆ ಸಾಲ ಎಷ್ಟು, ಈ ಎರಡು ಲೆಕ್ಕಗಳನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಲೆಕ್ಕಗಳೇ. ಆದರೆ ಎರಡೂ ಗಡುವಿನ ಬಗ್ಗೆ ಏನೂ ಹೇಳುವುದಿಲ್ಲ.

ಗಡುವು ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಸಾಲ ಕೊಡುವವರು ಷರತ್ತು ಹಾಕಿರುತ್ತಾರೆ. ಸಾಲ ಬಂಡವಾಳದ ಎರಡು ಪಟ್ಟು ಮೀರಬಾರದು, ಈ ಥರದ್ದು. ಷರತ್ತು ಮುರಿದರೆ ಪೂರ್ತಿ ಸಾಲ ಈಗಲೇ ಕೊಡು ಎಂದು ಕೇಳುವ ಹಕ್ಕು ಅವರಿಗೆ ಬರಬಹುದು. ವರ್ಷದ ಕೊನೆಯ ದಿನಕ್ಕೆ ಹಾಗೆ ಕೇಳುವ ಹಕ್ಕು ಬಂದಿದ್ದರೆ, ಸಾಲ ಐದು ವರ್ಷದ್ದಾದರೂ, ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದ ಪ್ರಕಾರ ಅದನ್ನು ಚಾಲ್ತಿ ಹೊಣೆ ಅಂತಲೇ ತೋರಿಸಬೇಕು. ವರ್ಷ ಮುಗಿದ ಮೇಲೆ ಬ್ಯಾಂಕು ಹೋಗಲಿ ಬಿಡಿ ಅಂದರೂ ಆ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಅದು ಕದಲುವುದಿಲ್ಲ. 2024ರ ಜನವರಿ 1ರಿಂದ ಶುರುವಾದ ವರ್ಷಗಳಿಗೆ ಇನ್ನೊಂದು ನಿಯಮವೂ ಸೇರಿದೆ. ದೀರ್ಘಾವಧಿ ಅಂತ ತೋರಿಸಿದ ಸಾಲಕ್ಕೆ ಮುಂದಿನ 12 ತಿಂಗಳಲ್ಲಿ ಪಾಲಿಸಬೇಕಾದ ಷರತ್ತುಗಳಿದ್ದರೆ, ಅವುಗಳ ವಿವರವನ್ನು ಲೆಕ್ಕಪತ್ರದ ಜೊತೆ ಬರುವ ಟಿಪ್ಪಣಿಯಲ್ಲಿ ಕೊಡಬೇಕು.

ಹಳೆಯ ವರದಿಗಳನ್ನು ಹೊಸದರ ಜೊತೆ ಹೋಲಿಸುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ವಿಮಾನ, ಮಳಿಗೆ, ಕಟ್ಟಡ ಇವನ್ನೆಲ್ಲ ವರ್ಷಗಟ್ಟಲೆ ಬಾಡಿಗೆಗೆ ಪಡೆದ ಒಪ್ಪಂದಗಳಲ್ಲಿ ಬಹುಪಾಲು ಮೊದಲು ಬ್ಯಾಲೆನ್ಸ್ ಶೀಟಿನ ಹೊರಗೇ ಇರುತ್ತಿದ್ದವು. 2019ರಲ್ಲಿ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಜಾರಿಗೆ ಬಂದ ಮೇಲೆ 12 ತಿಂಗಳು ಮೀರಿದ ಒಪ್ಪಂದಗಳ ಹೊಣೆ ಒಳಗೆ ಬಂತು. ಆ ವರ್ಷ ಎಷ್ಟೋ ಕಂಪನಿಗಳ ಹೊಣೆ ದಿಢೀರನೆ ಏರಿದ್ದು ಹೊಸ ಸಾಲ ಮಾಡಿದ್ದಕ್ಕಲ್ಲ, ಇದ್ದದ್ದು ಕಣ್ಣಿಗೆ ಬಿದ್ದದ್ದಕ್ಕೆ.

ಹಾಗಂತ ಸಾಲ ಉದ್ದ ಇದ್ದಷ್ಟೂ ಕೆಟ್ಟದ್ದು ಅಂತಲ್ಲ. 15 ವರ್ಷ ದುಡಿಯುವ ಯಂತ್ರವನ್ನು ಒಂದು ವರ್ಷದ ಸಾಲದಲ್ಲಿ ಕೊಳ್ಳುವವರನ್ನು ನೋಡಿದರೆ ನನಗೆ ಜಾಸ್ತಿ ಭಯ; ಯಂತ್ರ ದುಡಿದು ಕೊಡುವ ಮೊದಲೇ ಗಡುವು ಬಂದುಬಿಡುತ್ತದೆ. ಬಹಳ ಉದ್ದದ ಸಾಲವನ್ನು ದೊಡ್ಡ ಕಂಪನಿಗಳೂ ಮಾಡಿವೆ: ಡಿಸ್ನಿ ಕಂಪನಿ 1993ರಲ್ಲಿ 100 ವರ್ಷದ ಬಾಂಡ್ ಮಾರಿತ್ತು. ಅದರ ಗಡುವು 2093.

ನಾನು ಏಮಾರಿದ ಆ ಕಂಪನಿಯ ಮರುವರ್ಷದ ವರದಿಯನ್ನು ಹುಡುಕಿ ತಂದೆ. ಚಾಲ್ತಿ ಹೊಣೆಯಲ್ಲಿದ್ದ 60 ಕೋಟಿ ಹೋಗಿತ್ತು. ದೀರ್ಘಾವಧಿ ಸಾಲ ಮತ್ತೆ 80 ಆಗಿತ್ತು. ಹಳೇ ಸಾಲ ತೀರಿಸಲು ಹೊಸ ಸಾಲ. ಈ ಸಲ ನಾನೇ ಟಿಪ್ಪಣಿಗೆ ಹೋಗಿ ಬಡ್ಡಿ ದರ ನೋಡಿದೆ. ಹಿಂದಿಗಿಂತ ಶೇಕಡಾ 2 ಜಾಸ್ತಿ ಇತ್ತು.

ನಮಸ್ಕಾರ.